ರುಚಿಯ ಗಂಟು

ಫೆಬ್ರವರಿ ೨೧

ಚೂಟಿ,

ಮತ್ತೆ ಆ ಜಾಡಿಗಳ ವಿಷಯ. ನಿನ್ನೆ ಬರೆಯುತ್ತಿದ್ದಾಗಲೇ ಗಿರಾಕಿ ಬಂದ. ಅವಸರದಲ್ಲಿ ಕಾಗದ ಮಡಚಿ ಅಂಚೆಗೆ ಹಾಕಿದೆ, ಮುಖ್ಯವಾದದ್ದೇ ಉಳಿದುಹೋಯಿತು. ಎಲ್ಲವೂ ಇವೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸ್ ಉಜ್ಜುವ ಯಂತ್ರದ ಮೇಲಿನ ಹಲಗೆಯ ಮೇಲೆ, ನಿನ್ನ ಅತ್ತೆ ಇಟ್ಟ ಹಾಗೇ ಎರಡು ಸಾಲು. ಎಡಗಡೆ ಕೆರೆಯ ತಿಳಿನೀರಿನ ಕಡೆಯ ಮೀನುಗಳವು, ಬಲಗಡೆ ಕೆಸರಿನ ಕಡೆಯವು. ಒಂದೊಂದು ಜಾಡಿಯಲ್ಲಿ ಒಂದೊಂದು ಮಿದುಳು, ಅರ್ಧ ಬಟಾಣಿ ಕಾಳಿನಷ್ಟು. ಚೀಟಿಗಳ ಮೇಲೆ ಅವಳ ಆ ಇರುವೆ ಅಕ್ಷರ. ಕನ್ನಡಕದ ಅಂಗಡಿಯವನನ್ನು ಕಟ್ಟಿಕೊಂಡವಳು ಅಷ್ಟು ಸಣ್ಣದಾಗಿ ಬರೆದರೆ ನನ್ನ ವ್ಯಾಪಾರಕ್ಕೆ ಒಳ್ಳೆಯದೇ ಎಂದು ನಾನು ರೇಗಿಸುತ್ತಿದ್ದೆ.

ಮೊನ್ನೆ ಒಬ್ಬ ಟೀಚರಮ್ಮ ಹೊಸ ಕನ್ನಡಕ ಹಾಕಿಕೊಂಡು ಒಳಗೆ ಇಣುಕಿ, "ಅದೇನ್ರೀ ಅದು, ಉಪ್ಪಿನಕಾಯಿನಾ?" ಎಂದು ಕೇಳಿದರು.

"ಹೌದಮ್ಮಾ, ತಲೆಕಾಯಿದು," ಎಂದೆ.

ಆಕೆ ಮುಖ ಕಿವುಚಿದ್ದನ್ನು ನೋಡಬೇಕಿತ್ತು. ನಿನ್ನ ಅತ್ತೆ ಕೇಳಿದ್ದರೆ ವಾರವಿಡೀ ನಗುತ್ತಿದ್ದಳು ಅನಿಸಿ, ಹೇಳೋಣವೆಂದು ಎದ್ದು ಒಳಗೆ ಹೋದೆ. ಹೋದೆನಲ್ಲ, ಅಲ್ಲೇ ನಿಂತೆ. ಯಂತ್ರದ ಮೇಲೆ ಕೈಯಿಟ್ಟು ಸುಮ್ಮನೆ ಹೊರಗೆ ಬಂದೆ.

ಕಳಿಸಿಕೊಡಿ ಎಂದು ಬರೆದಿದ್ದೀಯ. ಕಳಿಸುತ್ತೇನೆ. ಮುಂದಿನ ವಾರ. 'ಯುವರ್ಸ್ ಒಬೀಡಿಯಂಟ್ಲಿ' ಎಂದು ಮುಗಿಸಲು ಕೈ ಹೋಗುತ್ತದೆ. ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಸರಿಯಾಗಿ ಹತ್ತಿದ್ದು ಲೀವ್ ಲೆಟರ್ ಒಂದೇ.

ನಿನ್ನ ಮಾವ


ಮಾರ್ಚ್ ೪

ಮಾವ,

ನಿಮ್ಮ 'ಮುಂದಿನ ವಾರ' ನನಗೆ ಗೊತ್ತಿಲ್ಲವೇ? ನಿಮ್ಮ ಮನೆಯಲ್ಲಿದ್ದು ಓದುವಾಗ ನನ್ನ ಕನ್ನಡಕದ ಕಾಲು ಮುರಿಯಿತು. ಆಗಲೂ ಮುಂದಿನ ವಾರವೇ ಆಗಿತ್ತು. ಒಂದು ಪರೀಕ್ಷೆ ಪೂರ್ತಿ ದಾರ ಕಟ್ಟಿಕೊಂಡು ಬರೆದೆ. ಗೆಳತಿಯರೆಲ್ಲ, "ನಿಮ್ಮ ಮಾವಂದು ಕನ್ನಡಕದ ಅಂಗಡಿನಾ, ದಾರದ ಅಂಗಡಿನಾ?" ಎಂದು ಕೇಳುತ್ತಿದ್ದರು.

ಈ ಸಲ ಹಾಗಾಗಬಾರದು. ಯಾಕೆಂದು ಬಿಡಿಸಿ ಬರೆಯುತ್ತೇನೆ, ಓದಿ.

ಮೀನಿನ ಮಿದುಳು ಎಂದರೆ ಸಾಲಾಗಿ ಪೋಣಿಸಿದ ಸಣ್ಣ ಗಂಟುಗಳು. ಮುಂದೆ ಮೂಸುವ ಗಂಟು, ನಡುವೆ ಕಣ್ಣಿನ ಜೋಡಿ ಗಂಟು, ಹಿಂದೆ ರುಚಿಯ ಗಂಟು. ಕಣ್ಣಿಟ್ಟು ಬೇಟೆಯಾಡುವ ಮೀನಿಗೆ ನಡುವಿನದು ಉಬ್ಬಿರುತ್ತದೆ. ಬಾಯಿತುಂಬ ಕೆಸರು ತುಂಬಿಕೊಂಡು, ಬಾಯಲ್ಲೇ ಸೋಸಿ, ತಿನ್ನುವುದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಉಗುಳುವ ಮೀನಿಗೆ ಹಿಂದಿನದು. "ತಲೆ ತೋರಿಸು, ಊಟ ಹೇಳ್ತೀನಿ" ಎಂದು ಅತ್ತೆ ಕಾಲೇಜಿನಲ್ಲಿ ಪಾಠ ಮಾಡುವಾಗ ಹೇಳುತ್ತಿದ್ದದ್ದು ಇದನ್ನೇ. ಇಷ್ಟು ಎಲ್ಲರಿಗೂ ಗೊತ್ತು. ಅತ್ತೆ ಕಂಡದ್ದು ಬೇರೆ. ನಿಮ್ಮೂರಿನ ಕೆರೆಯಲ್ಲಿ ಒಂದೇ ಜಾತಿಯ ಸಣ್ಣ ಮೀಸೆ ಮೀನು ತಿಳಿನೀರಿನ ಕಡೆ ಕಣ್ಣಿಂದ ಉಣ್ಣುತ್ತದೆ, ಕೆಸರಿನ ಕಡೆ ನಾಲಿಗೆಯಿಂದ ಉಣ್ಣುತ್ತದೆ, ಊಟಕ್ಕೆ ತಕ್ಕ ಹಾಗೆ ಅವುಗಳ ಗಂಟುಗಳೂ ಬೇರೆ ಬೇರೆ ಬೆಳೆದಿವೆ ಎಂದು. ಒಂದೇ ಕೆರೆ, ಒಂದೇ ಜಾತಿ!

ಇದರ ಬಗ್ಗೆ ಅತ್ತೆಯೂ ನಾನೂ ಸೇರಿ ಬರೆದ ಪೇಪರನ್ನು ನೋಡಿದ ವಿಜ್ಞಾನ ಪತ್ರಿಕೆಯ ಪರೀಕ್ಷಕರು ಅನುಮಾನ ಪಟ್ಟಿದ್ದಾರೆ. ಇನ್ನೊಬ್ಬರು ಆ ಮಿದುಳುಗಳನ್ನೇ ಮತ್ತೆ ಅಳೆದು ತೋರಿಸಬೇಕಂತೆ, ಜುಲೈ ಮುಗಿಯುವುದರೊಳಗೆ. ಕೆರೆಯನ್ನು ಮುಚ್ಚಿ ಬಸ್ ಡಿಪೋ ಕಟ್ಟಿದ್ದಾರೆಂದು ನೀವೇ ಬರೆದಿದ್ದಿರಿ. ಆ ಮೀನು ಇನ್ನು ಸಿಗುವುದಿಲ್ಲ. ಅತ್ತೆಯ ಇಷ್ಟು ವರ್ಷದ ಕೆಲಸ ನಿಮ್ಮ ಹಲಗೆಯ ಮೇಲೆ ಕೂತಿದೆ ಮಾವ. ಅದು ಅವರ ಹೆಸರಿನಲ್ಲಿ ಅಚ್ಚಾಗಬೇಕು.

ಮುಂದಿನ ವಾರ ನಾನು ಸಮುದ್ರಕ್ಕೆ ಹೊರಡುತ್ತೇನೆ, ಮೇ ಮೊದಲಿನವರೆಗೆ ಹಡಗಿನಲ್ಲೇ. ಪಾರ್ಸೆಲ್ಲನ್ನು ಲ್ಯಾಬಿನವರು ತೆಗೆದಿಡುತ್ತಾರೆ. ಪ್ಯಾಕ್ ಮಾಡುವುದನ್ನು ನಿಮಗೆ ನಾನು ಹೇಳಿಕೊಡಬೇಕೇ? ಜೀವಮಾನವಿಡೀ ಗಾಜು ಕಳಿಸಿದವರು.

ಚೂಟಿ


ಮಾರ್ಚ್ ೧೮

ಚೂಟಿ,

ನೀನು ನೀರಿನ ಮೇಲೆ, ನಾನೂ ನೀರಿನ ಕೆಲಸದಲ್ಲೇ! ಕೇಳು. ಜಾಡಿಗಳನ್ನು ಹತ್ತಿಯಲ್ಲಿ ಸುತ್ತಿ ಪಾರ್ಸೆಲ್ ಆಫೀಸಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಕೂತಿದ್ದವನು ಪೆನ್ನು ಎತ್ತಿ ಕೇಳಿದ.

"ಒಳಗೇನಿದೆ ಯಜಮಾನ್ರೆ?"

"ಮಿದುಳು."

"ಯಾರ್ದು?"

"ಮೀನಿಂದಪ್ಪ."

"ಅಯ್ಯೋ ಪುಣ್ಯಾತ್ಮ, ಎದೆ ಧಸಕ್ ಅಂತು. ಮೀನಿಂದಾದ್ರೆ ಇರ್ಲಿ ಬಿಡಿ. ಯಾವುದರಲ್ಲಿ ಮುಳುಗಿಸಿದ್ದೀರ?"

"ಸ್ಪಿರಿಟ್ಟು."

"ಹಾಗಾದ್ರೆ ಆಗಲ್ಲ. ಹತ್ತಿ ಉರಿಯೋದನ್ನ ತಗೊಳ್ಳಂಗಿಲ್ಲ. ನೀರಾಗಿದ್ರೆ ತಗೋತಿದ್ದೆ."

ದಾರಿಯುದ್ದಕ್ಕೂ ಯೋಚಿಸುತ್ತಾ ವಾಪಸ್ ಬಂದೆ. ನಲ್ಲಿ ನೀರನ್ನು ಅವಳ ಮೀನಿಗೆ ಹಾಕುವುದುಂಟೇ? ನಮ್ಮ ನಲ್ಲಿಯಲ್ಲಿ ಏನೇನು ಬರುತ್ತದೆಂದು ನಿನಗೆ ಗೊತ್ತು. ಲೆನ್ಸ್ ತೊಳೆಯಲು ತರಿಸಿಟ್ಟ ಡಿಸ್ಟಿಲ್ಡ್ ವಾಟರ್ ಕ್ಯಾನು ಅಂಗಡಿಯಲ್ಲಿತ್ತು. ಒಂದು ಕಣ ಕಸವಿಲ್ಲದ ನೀರು. 'ಪ್ಯೂರ್, ಪ್ಯೂರರ್, ಪ್ಯೂರೆಸ್ಟ್', ಕಂಪ್ಯಾರಿಸನ್ ಇನ್ನೂ ನೆನಪಿದೆ. ಹೊಸ ಡ್ರಾಪರ್ ತೆಗೆದುಕೊಂಡು, ಮಿದುಳಿಗೆ ತಾಗದ ಹಾಗೆ, ಒಂದೊಂದು ಜಾಡಿಯ ಸ್ಪಿರಿಟ್ಟನ್ನೂ ಹೀರಿ ತೆಗೆದು ಈ ನೀರು ತುಂಬಿದೆ. ಎರಡು ಭಾನುವಾರ ಹಿಡಿಯಿತು. ಕೈ ಒಂದು ಸಲವೂ ನಡುಗಲಿಲ್ಲ. ಹಳೆಯ ಸ್ಪಿರಿಟ್ಟನ್ನು ಚೆಲ್ಲಲು ಮನಸ್ಸಾಗಲಿಲ್ಲ. ಅದೂ ಅವಳು ಅಳೆದು ಹಾಕಿದ್ದೇ ತಾನೇ. ಬಾಟಲಿಗೆ ತುಂಬಿಟ್ಟಿದ್ದೇನೆ.

ಅಲ್ಲಿಗೆ ಬಂದ ಮೇಲೆ ನೀನು ಮತ್ತೆ ಸ್ಪಿರಿಟ್ ತುಂಬಿಕೋ. ಸರಿ ತಾನೇ? ಸರಿಯಿಲ್ಲದಿದ್ದರೆ ಒಂದೇ ಒಂದು ಸಾಲು ಬರೆ. ಒಳ್ಳೆಯ ಮರದ ಪೆಟ್ಟಿಗೆ ಮಾಡಲು ಬಡಗಿಗೆ ಹೇಳಿದ್ದೇನೆ, ಅದು ಬಂದ ಕೂಡಲೇ ಕಳಿಸುತ್ತೇನೆ.

ಮಾವ


ಏಪ್ರಿಲ್ ೯

ಚೂಟಿ,

ನಿನ್ನಿಂದ ಕಾಗದವಿಲ್ಲ. ಹಡಗಿನಲ್ಲಿ ಅಂಚೆಯವನು ಎಲ್ಲಿಂದ ಬರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಬೇಡವಾಗಿದ್ದರೆ ಹೇಗಾದರೂ ಮಾಡಿ ತಿಳಿಸುತ್ತಿದ್ದಳು ಎಂದೂ ಹೇಳಿಕೊಳ್ಳುತ್ತೇನೆ.

ಪೆಟ್ಟಿಗೆ ಬಂದಿದೆ. ಬಡಗಿ ಒಳಗೆ ಒಂದೊಂದು ಜಾಡಿಗೂ ಒಂದೊಂದು ಮನೆ ಮಾಡಿದ್ದಾನೆ. "ಯಾರಿಗೆ ಸ್ವಾಮಿ ಇಷ್ಟು ಚೆಂದದ ಮನೆ?" ಎಂದ. "ಮೀನಿಗೆ" ಎಂದೆ. ನನ್ನ ಮುಖವನ್ನೇ ನೋಡುತ್ತಾ ಬೀಡಿ ಹಚ್ಚಿದ.

ಇನ್ನೂ ಕಳಿಸಿಲ್ಲ. ಬೈಯಬೇಡ. ಅಂಗಡಿಯ ಬಾಗಿಲೆಳೆದ ಮೇಲೆ ನಾನು ಹಿಂದಿನ ಕೋಣೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಆ ದಿನ ಯಾರು ಬಂದರು, ಯಾವ ಅಜ್ಜ ತನ್ನ ಕನ್ನಡಕದ ನಂಬರು ಏರಿದೆ ಎಂದರೆ ನಂಬದೆ ನನ್ನ ಅಕ್ಷರದ ಬೋರ್ಡನ್ನೇ ಬೈದ, ಯಾವ ಹುಡುಗಿ ಎಲ್ಲ ಫ್ರೇಮನ್ನೂ ಹಾಕಿ ನೋಡಿ ಏನೂ ಕೊಳ್ಳದೆ ಹೋದಳು, ಇದನ್ನೆಲ್ಲ ಹೇಳುತ್ತೇನೆ. ಮೊದಲು ಊಟದ ಹೊತ್ತಿನಲ್ಲಿ ಅವಳಿಗೆ ಹೇಳುತ್ತಿದ್ದೆನಲ್ಲ, ಅದೇ. ಅವಳು ಇದ್ದಾಗಲೂ ಈ ಜಾಡಿಗಳನ್ನು ನೋಡಿಕೊಂಡೇ 'ಹೂಂ ಹೂಂ' ಅನ್ನುತ್ತಿದ್ದಳು, ನನ್ನನ್ನು ನೋಡಿ ಅಲ್ಲ. ಪೆಟ್ಟಿಗೆ ಹೋದರೆ ಹಲಗೆ ಖಾಲಿಯಾಗುತ್ತದೆ. ಇನ್ನೊಂದೆರಡು ವಾರ ಇರಲಿ ಬಿಡು, ನೀನೇ ಅಲ್ಲಿಲ್ಲವಲ್ಲ.

ಬಿಸಿಲು ಜಾಸ್ತಿ. ತಗಡಿನ ಮಾಡು ಕಾದು ಕೋಣೆ ಒಲೆಯಾಗಿದೆ. ಬಲಗಡೆಯ ಒಂದೆರಡು ಜಾಡಿ ಮಬ್ಬಾಗಿ ಕಾಣುತ್ತವೆ. ಧೂಳಿರಬೇಕು. ಲೆನ್ಸ್ ಒರೆಸುವ ಬಟ್ಟೆಯಿಂದ ಹೊರಗೆಲ್ಲ ಚೆನ್ನಾಗಿ ಒರೆಸಿದೆ.

ಮಾವ


ಮೇ ೬

ಮಾವ,

ಈಗಷ್ಟೇ ಬಂದೆ. ಚೀಲ ಇನ್ನೂ ಹೆಗಲಿನಲ್ಲೇ ಇದೆ. ನಿಮ್ಮ ಎರಡೂ ಕಾಗದ ಮೇಜಿನ ಮೇಲಿದ್ದವು, ನಿಂತೇ ಓದಿದೆ.

ಇದನ್ನು ಓದಿದ ಕೂಡಲೇ ನೀರು ತೆಗೆದು ಹಳೆಯ ಸ್ಪಿರಿಟ್ಟನ್ನೇ ತುಂಬಿ. ಎರಡು ದಿನ ಬಿಡಿ. ಆಮೇಲೆ ಒಂದೊಂದನ್ನೂ ಅದೇ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಹತ್ತಿಯಲ್ಲಿ ಸುತ್ತಿ, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಚೀಟಿಯ ಜೊತೆ ಜಾಡಿಯೊಳಗೆ ಇಡಿ. ಹಾಗಾದರೆ ಪಾರ್ಸೆಲ್ಲಿನವರು ತೆಗೆದುಕೊಳ್ಳುತ್ತಾರೆ. ಮಾರ್ಚಿನಲ್ಲೇ ಇಷ್ಟು ಬರೆಯಬೇಕಿತ್ತು.

ಏನೂ ಆಗಿರುವುದಿಲ್ಲ. ಗಾಬರಿಯಾಗಬೇಡಿ. ತಪ್ಪದೆ ಕಳಿಸಿ.

ಚೂಟಿ


ಮೇ ೧೫

ಚೂಟಿ,

ಸಮುದ್ರದಲ್ಲಿ ತಲೆಸುತ್ತು ಬರಲಿಲ್ಲವೇ? ಚಿಕ್ಕವಳಿದ್ದಾಗ ನಿನಗೆ ಜೋಕಾಲಿಯೂ ಆಗುತ್ತಿರಲಿಲ್ಲ. ಇಲ್ಲಿ ಪಕ್ಕದ ದರ್ಜಿ ಅಂಗಡಿ ಮಾರಿದ, ಮೊಬೈಲ್ ರಿಪೇರಿಯವನು ಬರುತ್ತಾನಂತೆ. ನಮ್ಮ ಅಂಗಡಿಯ ಹೆಸರಿನ ಬೋರ್ಡಿನ ಬಣ್ಣ ಹೋಗಿತ್ತು, ಮತ್ತೆ ಬರೆಸಿದೆ. ಬರೆಯುವವನು ಕನ್ನಡಕದ ಚಿತ್ರಕ್ಕೆ ಹುಬ್ಬನ್ನೂ ಸೇರಿಸಿದ್ದಾನೆ. ದಾರಿಯಲ್ಲಿ ಹೋಗುವವರನ್ನೆಲ್ಲ ಅದು ಗದರಿಸುವ ಹಾಗಿದೆ. ಇರಲಿ ಎಂದು ಬಿಟ್ಟೆ.

ಪಾರ್ಸೆಲ್ ನಿನ್ನೆ ಹೋಯಿತು. ನೀನು ಹೇಳಿದ ಹಾಗೇ ಮಾಡಿದ್ದೇನೆ.

ಊಟ ತಿಂಡಿ ಸರಿಯಾಗಿ ಮಾಡು.

ಮಾವ


ಜೂನ್ ೨

ಮಾವ,

ಪೆಟ್ಟಿಗೆ ತಲುಪಿತು. ಒಂದು ಗಾಜೂ ಒಡೆದಿಲ್ಲ. ಮಿದುಳುಗಳು ಚೆನ್ನಾಗಿವೆ. ಅಳೆದು ನೋಡಿದೆವು, ಅತ್ತೆಯ ಅಳತೆ ಸರಿಯಾಗಿದೆ. ಪೇಪರ್ ಕಳಿಸುತ್ತಿದ್ದೇನೆ. ನೀವು ನೆಮ್ಮದಿಯಾಗಿರಿ.

ಚೂಟಿ


ಜೂನ್ ೧೦

ಚೂಟಿ,

ನಿನ್ನ ಕಾಗದವನ್ನು ಮೊದಲು ಬರಿಗಣ್ಣಿನಲ್ಲಿ ಓದಿದೆ, ಆಮೇಲೆ ಭೂತಗನ್ನಡಿ ಹಿಡಿದು ಓದಿದೆ. ಎಲ್ಲಾದರೂ ಒಂದು ತಮಾಷೆ ಅಡಗಿದೆಯೋ ಎಂದು ಹುಡುಕಿದೆ. ಇಲ್ಲ. ಹಡಗಿಳಿದ ದಿನದ ಆ ಅವಸರದ ಕಾಗದ ಬಿಟ್ಟರೆ, ನೀನು ನನಗೆ ಬರೆದ ಕಾಗದದಲ್ಲಿ ಒಂದು ಚುಚ್ಚು ಮಾತೂ ಇಲ್ಲದಿದ್ದದ್ದು ನಿನ್ನ ಅತ್ತೆ ತೀರಿಕೊಂಡ ವಾರ ಮಾತ್ರ.

ನಾನು ಕಣ್ಣಿನ ಕೆಲಸದವನು ಮಗಳೇ. ಆ ಚೀಲಗಳನ್ನು ಕಟ್ಟಿದ್ದು ಈ ಕೈ. ಮೊದಲನೆಯದನ್ನು ಇಕ್ಕಳದಲ್ಲಿ ಎತ್ತಲು ಹೋದೆ, ಹಿಡಿತಕ್ಕೇ ಸಿಗಲಿಲ್ಲ. ನೆನೆದ ಕಾಗದದ ಹಾಗೆ ಬಿಟ್ಟುಕೊಂಡಿತು. ಎರಡನೆಯದರ ಮೇಲೆ ಬಿಳಿ ಬೂಷ್ಟು. ಗಡಿಯಾರದವರ ಹಾಗೆ ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಒಂದೊಂದನ್ನೂ ನೋಡಿದೆ. ಕಣ್ಣಿನ ಗಂಟು ಯಾವುದು, ರುಚಿಯ ಗಂಟು ಯಾವುದು ಎಂದು ಹೇಳಲು ಯಾವ ಲೆನ್ಸಿಗೂ ಸಾಧ್ಯವಿರಲಿಲ್ಲ. ಆದರೂ ಚೀಟಿ ನೋಡಿ, ತಪ್ಪದ ಹಾಗೆ, ಎಡಗಡೆಯದನ್ನು ಎಡಕ್ಕೆ ಬಲಗಡೆಯದನ್ನು ಬಲಕ್ಕೆ ಇಟ್ಟು ಕಳಿಸಿದೆ. ಬೋರ್ಡಿನ ಹುಬ್ಬಿನ ಕಥೆ ಬರೆದೆನಲ್ಲ, ಇದನ್ನು ಬರೆಯುವ ಧೈರ್ಯವಿಲ್ಲದೆ ಬರೆದದ್ದು. ಲ್ಯಾಬಿನವರಿಗೆ ಏನಾದರೂ ದಾರಿ ಗೊತ್ತಿರಬಹುದು ಎಂಬ ಆಸೆ ಬೇರೆ.

ಆ ಗಂಜಿಯನ್ನು ನೀನು ಅಳೆದೆಯಾ? ಅಳತೆ ಸರಿಯಾಗಿತ್ತೇ?

ಒಂದು ವಿಷಯ ಹೇಳುತ್ತೇನೆ, ಯಾರಿಗೂ ಹೇಳಿಲ್ಲ. ಕಡೆಯ ತಿಂಗಳುಗಳಲ್ಲಿ ನಿನ್ನ ಅತ್ತೆಗೆ ನಾನೇ ಗಂಜಿ ಮಾಡುತ್ತಿದ್ದೆ. "ಉಪ್ಪು ಸರಿಯಿದೆಯಾ?" ಎಂದು ದಿನಾ ಕೇಳುತ್ತಿದ್ದೆ. "ಸರಿಯಿದೆ" ಎನ್ನುತ್ತಿದ್ದಳು. ಒಂದು ದಿನ ಅವಳು ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ನಾನು ಬಾಯಿಗಿಟ್ಟೆ. ಉಪ್ಪೇ ಹಾಕಿರಲಿಲ್ಲ. ಔಷಧಿಯೋ ಕಾಯಿಲೆಯೋ, ಅವಳ ನಾಲಿಗೆ ಸತ್ತುಹೋಗಿತ್ತು. ಊಟದ ರುಚಿಯ ಬಗ್ಗೆ ಅಷ್ಟೊಂದು ಓದಿಕೊಂಡವಳಿಗೆ ಹಾಗಾಯಿತು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ, ಉಪ್ಪನ್ನು ಮಾತ್ರ ಅಳೆದು ಹಾಕುತ್ತಿದ್ದೆ. ಅವಳು ತಾನಾಗಿಯೇ "ಇವತ್ತು ಚೆನ್ನಾಗಿದೆ ಕಣ್ರೀ" ಎನ್ನುತ್ತಿದ್ದಳು. ನಾನು "ಹಾಗಾ?" ಎನ್ನುತ್ತಿದ್ದೆ. ಕೊನೆಯವರೆಗೂ ಹೀಗೇ ನಡೆಯಿತು.

ಆದ್ದರಿಂದ ಸುಳ್ಳು ಹೇಳಿದ್ದಕ್ಕೆ ನಿನ್ನನ್ನು ಬೈಯುವ ಬಾಯಿ ನನಗಿಲ್ಲ. ಅಡುಗೆಮನೆಯಲ್ಲಿ ಅಂಥದ್ದು ನಡೆಯುತ್ತದೆ. ಅವಳ ಪೇಪರಿನಲ್ಲಿ ಮಾತ್ರ ಬೇಡ. ಒಂದು ಕೂದಲೆಳೆಯಷ್ಟು ಅಳತೆ ತಪ್ಪಿದರೆ ಬೆಳಗಿನಿಂದ ಮತ್ತೆ ಶುರು ಮಾಡುತ್ತಿದ್ದವಳು ಅವಳು. ಇಲ್ಲದ ಮಿದುಳನ್ನು ಅಳೆದು ಅವಳ ಹೆಸರು ಅಚ್ಚಾಗುವುದಾದರೆ, ಆ ಹೆಸರು ಅಚ್ಚಾಗದಿರಲಿ. ಜಾಡಿಗಳನ್ನು ಗಂಡನೇ ಕೆಡಿಸಿದ ಎಂದು ಪರೀಕ್ಷಕರಿಗೆ ಬರೆ. ನಾಚಿಕೆಯಾಗಬೇಕಾದ್ದು ನನಗೆ, ಅವಳಿಗಲ್ಲ.

ಇದನ್ನು ಓದುವ ಹೊತ್ತಿಗೆ ಪೇಪರ್ ಹೋಗಿರದಿರಲಿ.

ಮಾವ


ಜೂನ್ ೨೪

ಮಾವ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ನಾನು ಅತ್ತೆಯ ಕೈಯಲ್ಲಿ ಕೆಲಸ ಕಲಿತವಳು. ಇಲ್ಲದ್ದನ್ನು ಅಳೆದೆ ಎಂದು ಬರೆಯುತ್ತೇನೆಂದು ನೀವು ಹೇಗೆ ಅಂದುಕೊಂಡಿರಿ? ಪೇಪರನ್ನು ಹಿಂದಕ್ಕೆ ತೆಗೆದುಕೊಂಡದ್ದು ಮೇ ತಿಂಗಳಿನಲ್ಲೇ, ಹಡಗಿಳಿದು ನಿಮ್ಮ ಕಾಗದ ಓದಿದ ಸಂಜೆಯೇ. ನೀರು, ಆ ಬಿಸಿಲು, ಆ ತಗಡಿನ ಕೋಣೆ... ಪೆಟ್ಟಿಗೆ ತೆರೆಯುವ ಮೊದಲೇ ನನಗೆ ಗೊತ್ತಿತ್ತು. ಮಾದರಿಗಳು ಕೆಟ್ಟಿವೆ ಎಂದಷ್ಟೇ ಬರೆದೆ, ಯಾರಿಂದ ಎಂದು ಬರೆಯಲಿಲ್ಲ, ಬರೆಯುವುದೂ ಇಲ್ಲ. ಸುಳ್ಳು ಹೇಳಿದ್ದು ನಿಮಗೊಬ್ಬರಿಗೇ. ಆ ಕೋಣೆಯಲ್ಲಿ ಖಾಲಿ ಹಲಗೆ ನೋಡುತ್ತಾ ಕೂತಿರುವಾಗ ಇದೂ ಒಂದು ನಿಮ್ಮ ತಲೆಯಲ್ಲಿ ಕೊರೆಯುವುದು ಬೇಡ ಎಂದು. ಹಾಗೆ ನೋಡಿದರೆ, ಹೇಗೆ ಕಟ್ಟಬೇಕೆಂದು ನಾಲ್ಕು ಸಾಲು ಬರೆಯುವ ಜಾಗದಲ್ಲಿ ದಾರದ ಅಂಗಡಿಯ ತಮಾಷೆ ಬರೆದು ಹಡಗು ಹತ್ತಿದವಳು ನಾನು.

ಗಂಜಿಯ ವಿಷಯ ನನಗೆ ಗೊತ್ತಿತ್ತು. ನಾನು ಕಡೆಯ ಸಲ ಬಂದಾಗ ಅತ್ತೆ ಹೇಳಿದ್ದರು. "ನಾಲಿಗೆಗೆ ಏನೂ ತಿಳಿಯಲ್ಲ ಕಣೇ. ಹಿಂದಿನ ಗಂಟು ರಜಾ ಹಾಕಿದೆ. ನಿನ್ನ ಮಾವ ಉಪ್ಪು ಸರಿಯಿದೆಯಾ ಅಂತ ಕೇಳೋದನ್ನ ನಿಲ್ಲಿಸಿದ್ದಾರೆ, ಅಂದ್ರೆ ಅವರಿಗೆ ಗೊತ್ತಾಗಿದೆ." ಹಾಗಿದ್ದರೆ ಚೆನ್ನಾಗಿದೆ ಎಂದು ಯಾಕೆ ಹೇಳುತ್ತೀರಿ ಎಂದು ಕೇಳಿದೆ. "ಅವರು ಬಾಗಿಲಲ್ಲಿ ನಿಂತು ನಾನು ಉಣ್ಣೋದನ್ನ ನೋಡ್ತಾರಲ್ಲ, ಅದು ಚೆನ್ನಾಗಿರುತ್ತೆ" ಎಂದರು.

ಪೇಪರ್ ಇನ್ನಿಲ್ಲ ಮಾವ. ಕೆರೆಯೂ ಇಲ್ಲ. ಅತ್ತೆ ಕಂಡದ್ದು ನಿಜವೆಂದು ತೋರಿಸಲು ಇನ್ನು ಯಾರ ಕೈಯಲ್ಲೂ ಏನೂ ಉಳಿದಿಲ್ಲ. ಇದನ್ನು ನಿಮಗೆ ಬರೆಯದಿರಲು ಒಂದೂವರೆ ತಿಂಗಳು ಒದ್ದಾಡಿದೆ. ಈಗ ಬರೆದಿದ್ದೇನೆ.

ಚೂಟಿ


ಜುಲೈ ೩

ಚೂಟಿ,

ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಅವಳಿಗೆ ಕಾಣುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಆ ಸಾಲನ್ನು ಎಷ್ಟು ಸಲ ಓದಿದೆನೆಂದು ಹೇಳಲಾರೆ. ನಡುವೆ ಇಬ್ಬರು ಗಿರಾಕಿಗಳು ಬಂದು ಹೋದರು. ಒಬ್ಬರಿಗೆ ಇನ್ನೊಬ್ಬರ ಫ್ರೇಮು ಕೊಟ್ಟೆನಂತೆ. ವಾಪಸ್ ಬಂದು, "ಏನ್ ಸ್ವಾಮಿ, ಕನ್ನಡಕ ನಿಮಗೇ ಬೇಕಾಗಿದೆ" ಎಂದರು.

ನಿನ್ನನ್ನು ಅನುಮಾನಿಸಿದೆ. ಅವಳ ಕೈಯಲ್ಲಿ ಕಲಿತವಳನ್ನು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಒಬ್ಬನೇ ಇದ್ದರೆ ತಲೆ ಎಲ್ಲೆಲ್ಲಿಗೋ ಹೋಗುತ್ತದೆ.

ಎರಡು ದಿನದಿಂದ ಒಂದನ್ನೇ ಯೋಚಿಸುತ್ತಿದ್ದೇನೆ. 'ಪ್ರೂವ್' ಆಗಲಿಲ್ಲ ಎಂದರೆ ಸುಳ್ಳು ಎಂದಲ್ಲ, ಅಲ್ಲವೇ? 'ನಾಟ್ ಪ್ರೂವನ್' ಎಂದು ಏನೋ ಒಂದಿದೆ ಇಂಗ್ಲಿಷಿನಲ್ಲಿ, ಕೋರ್ಟಿನ ಮಾತಿರಬೇಕು, ಪೂರ್ತಿ ಜ್ಞಾಪಕವಿಲ್ಲ. ಅವಳು ಕಂಡಿದ್ದಳು. ಪಕ್ಕದಲ್ಲಿ ನಿಂತು ನೀನೂ ಕಂಡಿದ್ದೆ. ಅಲ್ಲೇ, ಅದೇ ಕೋಣೆಯಲ್ಲಿ, ಅವಳಿಗೆ ಬೇಕಾದ ಲೆನ್ಸನ್ನು ಉಜ್ಜಿ ಕೊಟ್ಟವನು ನಾನು. ಒಂದು ದಿನವೂ ಬಗ್ಗಿ ಅದರಲ್ಲಿ ನೋಡಲಿಲ್ಲ. "ಬನ್ರೀ, ಒಂದ್ಸಲ ನೋಡಿ" ಎಂದು ಅವಳು ಕರೆದಾಗಲೆಲ್ಲ ಅಂಗಡಿಯಲ್ಲಿ ಯಾರಾದರೊಬ್ಬರು ಇರುತ್ತಿದ್ದರು. ಕಡೆಗೆ ನಾನು ಕಣ್ಣಿಟ್ಟು ನೋಡಿದ್ದು ಅವು ಕರಗಿದ ಮೇಲೆ.

ಈಗ ಒಂದು ಕೆಲಸ ಮಾಡುತ್ತೀಯಾ? ಆ ಪೇಪರ್ ಹೇಗೂ ಅಚ್ಚಾಗುವುದಿಲ್ಲವೆಂದ ಮೇಲೆ ಅದನ್ನು ನನಗೆ ಬರೆ. ಮೊದಲಿನಿಂದ. ಯಾವ ಮೀನು, ಕೆರೆಯ ಯಾವ ಮೂಲೆಯದು, ಅದರ ಹೊಟ್ಟೆಯಲ್ಲಿ ಏನಿತ್ತು, ತಲೆಯಲ್ಲಿ ಯಾವ ಗಂಟು ಎಷ್ಟಿತ್ತು, ಅದನ್ನು ಕಂಡ ದಿನ ಅವಳು ಏನೆಂದಳು. ಬಿಡಬೇಡ, ಸುಲಭ ಮಾಡಬೇಡ. ನಾನು ನಿಧಾನ, ಆದರೆ ಓದುತ್ತೇನೆ. ಎಷ್ಟು ಸಣ್ಣ ಅಕ್ಷರದಲ್ಲಿ ಬರೆದರೂ ಸರಿಯೇ, ಎಲ್ಲ ನಂಬರಿನ ಗಾಜೂ ಅಂಗಡಿಯಲ್ಲಿದೆ. ಅರ್ಥವಾಗದ್ದನ್ನು ಮತ್ತೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆ ಮೀನು ಹೇಗೆ ಉಣ್ಣುತ್ತಿತ್ತು ಎಂದು ಈ ಲೋಕದಲ್ಲಿ ಈಗ ನಿನಗೊಬ್ಬಳಿಗೇ ಗೊತ್ತು. ಇಬ್ಬರಿಗಾದರೂ ಗೊತ್ತಿರಲಿ.

ಇನ್ನೂ ಏನೋ ಬರೆಯುವುದಿತ್ತು. ಬರೆದ ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ನಂಬರು ಏರಿತೇ ಎಂದು ಕನ್ನಡಕ ತೆಗೆದು ಒರೆಸಿದೆ. ಅದಲ್ಲ, ಹೊರಗೆ ಬೆಳಕು ಹೋಗುತ್ತಿದೆ.

ಮಾವ